ಮಕ್ಕಳ ಜೀವನಾಂಶದ ಬಾಕಿಯೂ ಅದರ ವಸೂಲಿಯೂ

ತಂದೆಯಾದವನು ತನ್ನ ಮಕ್ಕಳನ್ನು ಸಾಕತಕ್ಕದ್ದೆಂಬ ನಿಯಮವು ಭಾರತದಲ್ಲಿ ಎರಡು ದಾರಿಗಳಿಂದ ಬಂದಿದೆ. ಅವುಗಳಲ್ಲಿ ಮೊದಲನೆಯದು ಧರ್ಮಶಾಸ್ತ್ರದ ದಾರಿ. ವೃದ್ಧರಾದ ತಾಯ್ತಂದೆಗಳು, ಪತ್ನಿ, ಎಳೆಯ ಮಕ್ಕಳು ಇವರ ಪೋಷಣೆಯು ಆಸ್ತಿಯಿರುವವನಿಗೆ ಮಾತ್ರವಲ್ಲದೆ ಇಲ್ಲದವನಿಗೂ ತಪ್ಪದ ಕರ್ತವ್ಯವೆಂಬುದನ್ನು ಹಿಂದೂ ನ್ಯಾಯಶಾಸ್ತ್ರವು ಹಿಂದಿನಿಂದಲೂ ಒಪ್ಪಿಕೊಂಡಿದೆ. ಕಲ್ಯಾಣದ ಚಾಲುಕ್ಯರ ರಾಜಧಾನಿಯಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನ ಸಂಪ್ರದಾಯವೂ ಇದೇ ಆಗಿದೆ. ಎರಡನೆಯದು ದಂಡ ಪ್ರಕ್ರಿಯೆಯ ಕಾಯಿದೆಯ ದಾರಿ. ಇದಕ್ಕೆ ಜಾತಿ ಮತಗಳ ಭೇದವಿಲ್ಲ. ಮೊದಲನೆಯದು ಕರ್ತವ್ಯವನ್ನು ಹೇಳಿತು. ಕರ್ತವ್ಯ ತಪ್ಪಿದವನ ಮನೆಯ ಬಾಗಿಲಿಗೆ ವಾರಂಟನ್ನು ಕಳುಹಿಸುವ ಕೆಲಸವನ್ನು ಎರಡನೆಯದು ವಹಿಸಿಕೊಂಡಿತು. ತಿಂಗಳಿಗೆ ಇಷ್ಟು ಹಣ ಕೊಡತಕ್ಕದ್ದೆಂದು ನ್ಯಾಯಸ್ಥಾನವು ಆಜ್ಞೆ ಮಾಡಿದ ಮೇಲೂ ತಂದೆಯು ಕೊಡದೆ ಹೋದರೆ ಕಾಯಿದೆಯು ಏನು ಮಾಡುತ್ತದೆ, ಎಲ್ಲಿಯವರೆಗೆ ಮಾಡುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದೇ ಇಲ್ಲಿನ ವಿಚಾರ.

ಈ ವಿಷಯದಲ್ಲಿ ಜನರಲ್ಲಿ ಎರಡು ತಪ್ಪು ತಿಳಿವಳಿಕೆಗಳು ಬಲವಾಗಿ ನಿಂತಿವೆ. ಸೆರೆಮನೆಗೆ ಹೋಗಿ ಬಂದರೆ ಬಾಕಿ ತೀರಿಹೋಯಿತೆಂಬುದು ಒಂದು. ಇದು ಕೊಡಬೇಕಾದವರ ಕಡೆಯ ತಪ್ಪು. ಆಜ್ಞೆ ಕೈಯಲ್ಲಿರುವಾಗ ಹಣವನ್ನು ಎಂದು ಬೇಕಾದರೂ ಕೇಳಬಹುದೆಂಬುದು ಇನ್ನೊಂದು. ಇದು ಪಡೆಯಬೇಕಾದವರ ಕಡೆಯ ತಪ್ಪು. ಮೊದಲನೆಯದರಿಂದ ತಂದೆ ಕೆಡುತ್ತಾನೆ, ಎರಡನೆಯದರಿಂದ ಮಗು ಕೆಡುತ್ತದೆ.

ಕಾಯಿದೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು. 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿಯೇ ಹೆಂಡತಿ ಮಕ್ಕಳ ಪೋಷಣೆಯ ವಿಧಿಯಿದ್ದಿತು. 1872, 1882, 1898ರ ಸಂಹಿತೆಗಳು ಅದನ್ನು ಮುಂದುವರಿಸಿದವು. 1898ರ ಸಂಹಿತೆಯ 488ನೆಯ ಕಲಮೆಂದೇ ಅದು ಬಹುಕಾಲ ವಕೀಲರ ಬಾಯಲ್ಲಿದ್ದಿತು. 1973ರ ಸಂಹಿತೆಯಲ್ಲಿ ಅದು 125ನೆಯ ಕಲಮಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ವಿಧಿಯು 144ನೆಯ ಕಲಮಾಗಿ ಕುಳಿತಿದೆ. 1872ರ ಸಂಹಿತೆಯನ್ನು ರೂಪಿಸಿದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ನನು ಈ ವಿಧಿಯ ಉದ್ದೇಶವನ್ನು ಮರೆಮಾಚದೆ ಹೇಳಿದ್ದಾನೆ: ದಿಕ್ಕಿಲ್ಲದೆ ಅಲೆಯುವವರ ಸಂಖ್ಯೆ ಬೆಳೆಯದಂತೆ, ಬೆಳೆದರೂ ಅದರ ಕೆಟ್ಟ ಫಲಗಳು ಹರಡದಂತೆ ತಡೆಯುವುದೇ ಅದು. ಅಂದರೆ ಆಗಿನ ಸರ್ಕಾರದ ಕಣ್ಣು ಮಗುವಿನ ಹಕ್ಕಿನ ಮೇಲೆ ಇದ್ದುದಕ್ಕಿಂತ ಬೀದಿಯ ಶಾಂತಿಯ ಮೇಲೆ ಹೆಚ್ಚಾಗಿದ್ದಿತು. ಸಿವಿಲ್ ಸ್ವರೂಪದ ಒಂದು ಹಕ್ಕು ಕ್ರಿಮಿನಲ್ ಮ್ಯಾಜಿಸ್ಟ್ರೇಟರ ಕೈಗೆ ಬಂದುದೂ, ಸಾಲದ ವಸೂಲಿಗೆ ದಂಡದ ವಸೂಲಿಯ ಕ್ರಮವು ತಗುಲಿದುದೂ ಇದರಿಂದಲೇ.

ಹಣದ ಮಿತಿಯ ಕಥೆಯೂ ಇದನ್ನೇ ಸಾರುತ್ತದೆ. ಮೊದಲು ತಿಂಗಳಿಗೆ 50 ರೂಪಾಯಿಗಳನ್ನು ಮೀರಕೂಡದೆಂದಿತ್ತು. 1923ರಲ್ಲಿ ಅದು 100, 1955ರಲ್ಲಿ 500 ಆಯಿತು. ಕೆಲವು ರಾಜ್ಯಗಳು ತಮ್ಮ ತಿದ್ದುಪಡಿಗಳಿಂದ ಇದನ್ನು ಏರಿಸಿಕೊಂಡವಾದರೂ ಮೂಲ ಸಂಹಿತೆಯಲ್ಲಿ 500 ರೂಪಾಯಿಯ ಮಿತಿಯು 2001ರವರೆಗೂ ಕದಲಲಿಲ್ಲ. 1955ರಲ್ಲಿ ಒಂದು ಸಂಸಾರವನ್ನು ನಡೆಸಬಹುದಾಗಿದ್ದ ಮೊತ್ತವು ಕೊನೆಗೆ ಮಗುವಿನ ಹಾಲಿನ ಲೆಕ್ಕಕ್ಕೂ ಸಾಲದಂತಾಗಿದ್ದಿತು. 2001ರ ತಿದ್ದುಪಡಿಯು ಮಿತಿಯನ್ನು ಪೂರ್ತಿಯಾಗಿ ತೆಗೆದುಹಾಕಿತು. ಮೊಕದ್ದಮೆ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶವನ್ನು ಕೊಡಿಸಬಹುದೆಂದೂ, ಅದರ ಅರ್ಜಿಯನ್ನು ನೋಟೀಸು ಮುಟ್ಟಿದ 60 ದಿನಗಳಲ್ಲಿ ಸಾಧ್ಯವಾದಮಟ್ಟಿಗೆ ತೀರ್ಮಾನಿಸತಕ್ಕದ್ದೆಂದೂ ವಿಧಿಸಿತು. ಮಿತಿ ಹೋದ ಮೇಲೆ ಆಜ್ಞೆಗಳ ಮೊತ್ತ ಬೆಳೆಯಿತು. ಮೊತ್ತದೊಡನೆ ಬಾಕಿಯೂ ಬೆಳೆಯಿತು. ವಸೂಲಿಯ ಪ್ರಶ್ನೆಯು ಹಿಂದಿಗಿಂತ ಈಗ ಗುರುತರವಾಗಿರುವುದಕ್ಕೆ ಇದೂ ಒಂದು ಕಾರಣ.

ಬಾಕಿಯು ಯಾವಾಗ ಹುಟ್ಟುತ್ತದೆ? ಆಜ್ಞೆಯಾದ ಮಾರನೆಯ ತಿಂಗಳು ಕಂತು ತಪ್ಪಿದಾಗ ಎಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಜೀವನಾಂಶವನ್ನು ಅರ್ಜಿ ಕೊಟ್ಟ ದಿನದಿಂದಲೇ ಲೆಕ್ಕಹಾಕತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರಿನಲ್ಲಿ ಕೊಟ್ಟ ವಿಸ್ತಾರವಾದ ತೀರ್ಪಿನಲ್ಲಿ ನಿರ್ದೇಶಿಸಿದೆ. ಮೊಕದ್ದಮೆಯು ಎರಡು ವರ್ಷ ನಡೆದಿದ್ದರೆ ಆಜ್ಞೆ ಹೊರಬಿದ್ದ ದಿನವೇ ತಂದೆಯ ತಲೆಯ ಮೇಲೆ ಎರಡು ವರ್ಷಗಳ ಮೊತ್ತ ಕುಳಿತಿರುತ್ತದೆ. ಮಧ್ಯಂತರ ಜೀವನಾಂಶವೆಂದು ಆ ಅವಧಿಯಲ್ಲಿ ಕೊಟ್ಟುದು ಅದರಲ್ಲಿ ವಜಾ ಆಗುತ್ತದೆಯೇ ಹೊರತು ವಿಚಾರಣೆಯನ್ನು ಎಳೆದು ಉಳಿಸಿದುದು ಯಾವುದೂ ಇಲ್ಲ. ವಾಯಿದೆಯ ಮೇಲೆ ವಾಯಿದೆ ಕೇಳುತ್ತ ಹೋಗುವವರು ಇದನ್ನು ಮರೆಯುತ್ತಾರೆ.

ಇನ್ನು ವಸೂಲಿಯ ಕ್ರಮ. ಸಾಕಷ್ಟು ಕಾರಣವಿಲ್ಲದೆ ಆಜ್ಞೆಯನ್ನು ಮೀರಿದರೆ, ಪ್ರತಿಯೊಂದು ಸಲದ ತಪ್ಪಿಗೂ ಮ್ಯಾಜಿಸ್ಟ್ರೇಟರು ವಾರಂಟನ್ನು ಹೊರಡಿಸಬಹುದು. ದಂಡದ ಹಣವನ್ನು ಹೇಗೆ ವಸೂಲು ಮಾಡುವರೋ ಹಾಗೆಯೇ ಇದನ್ನೂ ವಸೂಲು ಮಾಡಬಹುದು. ಈ ಒಂದು ವಾಕ್ಯದ ಹಿಂದೆ ದೊಡ್ಡ ಬಲವಿದೆ. ದಂಡದ ವಸೂಲಿಗೆ ಎರಡು ಮಾರ್ಗಗಳು: ಚರಸ್ವತ್ತನ್ನು ಜಪ್ತಿ ಮಾಡಿ ಮಾರುವುದು ಒಂದು, ಜಿಲ್ಲೆಯ ಕಲೆಕ್ಟರಿಗೆ ವಾರಂಟು ಕಳುಹಿಸಿ ಚರ ಸ್ಥಿರ ಸ್ವತ್ತುಗಳೆರಡರಿಂದಲೂ ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸುವುದು ಇನ್ನೊಂದು. ಕಂದಾಯದ ಬಾಕಿಯೆಂದರೆ ಹಳ್ಳಿಯಲ್ಲಿ ಏನರ್ಥವೆಂಬುದನ್ನು ವಿವರಿಸಬೇಕಾಗಿಲ್ಲ. ಸಾಹುಕಾರನ ಕೈಗೆ ವರ್ಷಗಟ್ಟಲೆ ಸಿಕ್ಕದ ಹೊಲವು ಕಂದಾಯದ ಬಾಕಿಗೆ ಬೇಗನೆ ಹರಾಜಿಗೆ ಬರುತ್ತದೆ. ಮಗುವಿನ ಅನ್ನದ ಬಾಕಿಗೂ ಕಾಯಿದೆಯು ಅದೇ ಸ್ಥಾನವನ್ನು ಕೊಟ್ಟಿದೆ.

ವಾರಂಟನ್ನು ಜಾರಿ ಮಾಡಿದ ಮೇಲೂ ಹಣ ಉಳಿದರೆ ಆಗ ಸೆರೆವಾಸದ ಮಾತು. ಉಳಿದಿರುವ ಪ್ರತಿ ತಿಂಗಳ ಕಂತಿಗಾಗಲಿ ಅದರ ಭಾಗಕ್ಕಾಗಲಿ ಒಂದು ತಿಂಗಳವರೆಗೆ, ಇಲ್ಲವೆ ಅದಕ್ಕೆ ಮುಂಚೆ ಹಣ ಕಟ್ಟುವವರೆಗೆ, ಸೆರೆಯಲ್ಲಿಡಬಹುದೆಂದು ಕಲಮು ಹೇಳುತ್ತದೆ. ಹಣ ಕಟ್ಟಿದ ಕ್ಷಣವೇ ಬಾಗಿಲು ತೆರೆಯತಕ್ಕದ್ದು. ಈ ಮಾತಿನಲ್ಲಿಯೇ ಸೆರೆಯ ಸ್ವರೂಪ ಗೊತ್ತಾಗುತ್ತದೆ. ಕಳ್ಳನು ಕದ್ದ ಮಾಲನ್ನು ಹಿಂದಿರುಗಿಸಿದ ಮಾತ್ರಕ್ಕೆ ಶಿಕ್ಷೆಯು ಮುಗಿಯುವುದಿಲ್ಲ, ಏಕೆಂದರೆ ಅದು ಆದ ತಪ್ಪಿಗೆ ಶಿಕ್ಷೆ. ಇಲ್ಲಿಯದಾದರೋ ಆಗಬೇಕಾದ ಕೆಲಸಕ್ಕೆ ಒತ್ತಾಯ. ಆದಕಾರಣ ಈ ಕಲಮಿನ ದೃಷ್ಟಿಯಲ್ಲಿ ಬಾಕಿಯಿಟ್ಟವನು ಅಪರಾಧಿಯಲ್ಲ. ಆಜ್ಞೆಗೆ ಬಗ್ಗದ ಬಾಕಿದಾರ.

ಈ ಭೇದದಿಂದಲೇ ಮುಖ್ಯವಾದ ಸಿದ್ಧಾಂತವು ಹೊರಡುತ್ತದೆ. ಸೆರೆವಾಸವನ್ನು ಅನುಭವಿಸಿದವನು ಬಾಕಿಯಿಂದ ಬಿಡುಗಡೆ ಹೊಂದುವನೆ ಎಂಬ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಇಲ್ಲವೆಂದು ಅದು ನಿಸ್ಸಂದಿಗ್ಧವಾಗಿ ಹೇಳಿತು. ಆ ತೀರ್ಪು 1989ರ ವರದಿಗಳಲ್ಲಿ ಅಚ್ಚಾಗಿದೆ. ಸೆರೆಗೆ ಕಳುಹಿಸುವುದು ವಸೂಲಿಯ ಉಪಾಯವೇ ಹೊರತು ಹಣದ ಸಂದಾಯವಲ್ಲ. ಹೊಣೆಯು ತೀರುವುದು ಹಣ ಕೈಸೇರಿದಾಗ ಮಾತ್ರ ಎಂಬುದು ಅದರ ತಾತ್ಪರ್ಯ. ತಂದೆ ಮೂವತ್ತು ದಿನ ಸೆರೆಯಲ್ಲಿ ಕುಳಿತುದರಿಂದ ಮಗುವಿನ ಒಂದು ಹೊತ್ತಿನ ಊಟವೂ ಆಗಲಿಲ್ಲವಷ್ಟೆ. ಆ ಮೂವತ್ತು ದಿನಗಳನ್ನು ಮಗುವಿನ ಲೆಕ್ಕಕ್ಕೆ ಜಮಾ ಮಾಡುವುದು ಯಾವ ನ್ಯಾಯ? ಒಂದು ಕಂತಿಗಾಗಿ ಪೂರ್ತಿ ಸೆರೆಯನ್ನು ಅನುಭವಿಸಿದವನನ್ನು ಅದೇ ಕಂತಿಗಾಗಿ ಮತ್ತೆ ಸೆರೆಗೆ ನೂಕಲು ಕಲಮಿನ ಮಾತು ಎಡೆಗೊಡುವಂತೆ ಕಾಣುವುದಿಲ್ಲ. ಆದರೆ ಅವನ ಸ್ವತ್ತು ಮಾತ್ರ ಆ ಕಂತಿಗೆ ಗುರಿಯಾಗಿಯೇ ಉಳಿಯುತ್ತದೆ.

ಹತ್ತಾರು ತಿಂಗಳ ಬಾಕಿಗೆ ಒಟ್ಟಿಗೆ ಎಷ್ಟು ಸೆರೆವಾಸವನ್ನು ವಿಧಿಸಬಹುದು? ಈ ಪ್ರಶ್ನೆಯು ಇನ್ನೂ ನೆಮ್ಮದಿಗೆ ಬಂದಿಲ್ಲ. ಪ್ರತಿ ತಿಂಗಳ ಕಂತಿಗೂ ಒಂದೊಂದು ತಿಂಗಳೆಂದು ಕಲಮಿನ ಪದಗಳನ್ನು ಓದಿದರೆ, ಹನ್ನೆರಡು ಕಂತುಗಳಿಗೆ ಹನ್ನೆರಡು ತಿಂಗಳಾಗುತ್ತದೆ. ಕೆಲವು ಉಚ್ಚ ನ್ಯಾಯಾಲಯಗಳು ಹೀಗೆಯೇ ಓದಿವೆ. ಆದರೆ 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಚಿಕ್ಕ ತೀರ್ಪಿನಲ್ಲಿ, ಮ್ಯಾಜಿಸ್ಟ್ರೇಟರು ಒಂದು ತಿಂಗಳಿಗೆ ಮೀರಿ ಸೆರೆವಾಸ ವಿಧಿಸಲಾರರು, ಆ ತಿಂಗಳು ಕಳೆದ ಮೇಲೂ ಹಣ ಬಾರದಿದ್ದರೆ ಮತ್ತೆ ಅರ್ಜಿ ಹಾಕಿಕೊಳ್ಳಬೇಕು ಎಂದಿತು. ಈ ಚಿಕ್ಕ ತೀರ್ಪನ್ನು ಎಷ್ಟರಮಟ್ಟಿಗೆ ಎಳೆಯಬಹುದೆಂಬ ವಿಷಯದಲ್ಲಿ ಉಚ್ಚ ನ್ಯಾಯಾಲಯಗಳು ಒಂದೇ ಹಾದಿಯಲ್ಲಿ ನಡೆದಿಲ್ಲ. ಕಲಮಿನ ಪದಗಳಿಗೆ ಮೊದಲನೆಯ ವ್ಯಾಖ್ಯಾನವೇ ಹೆಚ್ಚು ಹತ್ತಿರವಾಗಿದೆಯೆಂದು ತೋರುತ್ತದೆ. 'ಪ್ರತಿ ತಿಂಗಳ' ಎಂಬ ಮಾತಿಗೆ ಬೇರೆ ಅರ್ಥವನ್ನು ಹುಡುಕುವುದು ಕಷ್ಟ. ವ್ಯಕ್ತಿಯ ಸ್ವಾತಂತ್ರ್ಯವನ್ನು ಕಸಿಯುವ ವಿಧಿಯನ್ನು ಬಿಗಿಯಾಗಿ ಓದಬೇಕೆಂಬ ಇನ್ನೊಂದು ಪಕ್ಷವೂ ಅಲಕ್ಷ್ಯ ಮಾಡತಕ್ಕದ್ದಲ್ಲ. ಆದರೆ ಎರಡನೆಯ ವ್ಯಾಖ್ಯಾನದಲ್ಲಿ, ತಿಂಗಳಿಗೊಮ್ಮೆ ಊರಿನಿಂದ ಬಸ್ಸು ಹಿಡಿದು, ಕೂಲಿಯನ್ನು ಬಿಟ್ಟು, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಕಚೇರಿಗೆ ಬರಬೇಕಾದವಳು ತಾಯಿ.

ಇನ್ನು ಕಾಲಮಿತಿ. ಕಂತು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಯ ಅರ್ಜಿ ಬಾರದಿದ್ದರೆ ಅದಕ್ಕಾಗಿ ವಾರಂಟು ಹೊರಡತಕ್ಕದ್ದಲ್ಲ ಎಂದು ಕಲಮು ನಿರ್ಬಂಧಿಸುತ್ತದೆ. ಒಂದು ಕಲ್ಪಿತ ಲೆಕ್ಕದಿಂದ ಇದು ಸ್ಪಷ್ಟವಾದೀತು. ಮಗುವಿಗೆ ತಿಂಗಳಿಗೆ 6,000 ರೂಪಾಯಿಯಂತೆ ಆಜ್ಞೆಯಾಗಿದೆ. ತಂದೆ 18 ತಿಂಗಳು ಏನನ್ನೂ ಕೊಟ್ಟಿಲ್ಲ. ಒಟ್ಟು ಬಾಕಿ 1,08,000. ಇಂದು ಕೊಡುತ್ತಾನೆ ನಾಳೆ ಕೊಡುತ್ತಾನೆ ಎಂದು ಹಿರಿಯರ ಮಾತಿಗೆ ಕಟ್ಟುಬಿದ್ದು ತಾಯಿ ಸುಮ್ಮನಿದ್ದು, ಈಗ ಅರ್ಜಿ ಹಾಕುತ್ತಾಳೆ. ಕೊನೆಯ 12 ತಿಂಗಳ 72,000 ರೂಪಾಯಿಗೆ ವಾರಂಟು ದೊರೆಯುತ್ತದೆ. ಮೊದಲ ಆರು ತಿಂಗಳ 36,000ಕ್ಕೆ ಜಪ್ತಿಯ ವಾರಂಟೂ ಇಲ್ಲ, ಸೆರೆಯ ಭಯವೂ ಇಲ್ಲ. ತಾಳ್ಮೆಯಿಂದ ಕಾದವಳಿಗೇ ಇಲ್ಲಿ ನಷ್ಟ.

ಆ 36,000 ರೂಪಾಯಿ ಹೋಗಿಯೇಹೋಯಿತೆ? ಹೋಗಲಿಲ್ಲ. ಒಂದು ವರ್ಷದ ನಿರ್ಬಂಧವು ಈ ವಿಶೇಷವಾದ ವಸೂಲಿಯ ಕ್ರಮಕ್ಕೆ ಮಾತ್ರ ಅಂಟಿದುದು, ಜೀವನಾಂಶದ ಹಕ್ಕನ್ನು ಅದು ಅಳಿಸುವುದಿಲ್ಲ ಎಂದು 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಿಳಿಸಿತು. ಹಳೆಯ ಬಾಕಿಗೆ ಸಿವಿಲ್ ಮಾರ್ಗ ತೆರೆದಿದೆ. ಅದಕ್ಕಿಂತ ಮೊದಲು, ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ 2005ರಲ್ಲಿ ಆ ನ್ಯಾಯಾಲಯವು ಇನ್ನೊಂದು ತೊಡಕನ್ನು ಬಿಡಿಸಿದ್ದಿತು. ವಸೂಲಿಯ ಅರ್ಜಿಯು ಕಾಲದೊಳಗೆ ಬಂದು ಇನ್ನೂ ತೀರ್ಮಾನವಾಗದೆ ಇರುವಾಗ, ಆಮೇಲೆ ಬಿದ್ದ ಕಂತುಗಳಿಗಾಗಿ ಹೊಸ ಹೊಸ ಅರ್ಜಿಗಳನ್ನು ಹಾಕುತ್ತ ಹೋಗಬೇಕಾಗಿಲ್ಲ. ಹೊಣೆಯು ನಿರಂತರವಾದುದರಿಂದ ಅವುಗಳನ್ನೂ ಅದೇ ಅರ್ಜಿಯಲ್ಲಿ ಕೇಳಿಕೊಳ್ಳಬಹುದು. ಕಚೇರಿಯ ವಿಳಂಬದ ಹೊರೆಯು ಮಗುವಿನ ಮೇಲೆ ಬೀಳಬಾರದೆಂಬ ಈ ನ್ಯಾಯದಿಂದ ಎಷ್ಟೋ ಅರ್ಜಿಗಳು ಉಳಿದುಕೊಂಡಿವೆ.

ಸಿವಿಲ್ ಮಾರ್ಗವು ನಿಧಾನವಾದುದಾದರೂ ನೌಕರಿಯಲ್ಲಿರುವವನ ವಿಷಯದಲ್ಲಿ ಅದಕ್ಕೊಂದು ಹರಿತವಾದ ಆಯುಧವಿದೆ. ಜೀವನಾಂಶದ ಆಜ್ಞೆಯನ್ನು ಸಿವಿಲ್ ಡಿಕ್ರಿಯಂತೆಯೂ ಜಾರಿ ಮಾಡಿಸಬಹುದೆಂದು 2020ರ ತೀರ್ಪು ಒಪ್ಪಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ಪ್ರಕಾರ ಸಾಮಾನ್ಯ ಸಾಲದ ಡಿಕ್ರಿಗೆ ಸಂಬಳದ ಮೊದಲ 1,000 ರೂಪಾಯಿಯೂ ಉಳಿದುದರಲ್ಲಿ ಮೂರರಲ್ಲಿ ಎರಡು ಪಾಲೂ ಜಪ್ತಿಗೆ ಸಿಕ್ಕುವುದಿಲ್ಲ. ಜೀವನಾಂಶದ ಡಿಕ್ರಿಯಾದರೆ ಸಂಬಳದ ಮೂರರಲ್ಲಿ ಒಂದು ಪಾಲಿಗೆ ಮಾತ್ರ ರಕ್ಷಣೆ. ಜಪ್ತಿಯ ಲೆಕ್ಕಕ್ಕೆ ಬರುವ ಸಂಬಳವು 30,000 ರೂಪಾಯಿಯೆಂದು ಇಟ್ಟುಕೊಂಡರೆ ಸಾಹುಕಾರನಿಗೆ ತಿಂಗಳಿಗೆ ಹೆಚ್ಚೆಂದರೆ 9,666 ರೂಪಾಯಿ ಸಿಕ್ಕೀತು, ಮಗುವಿಗೆ 20,000ದವರೆಗೆ ಸಿಕ್ಕೀತು. ಸಾಲಗಾರನನ್ನು ಸಾಹುಕಾರನಿಂದ ಕಾಪಾಡುವ ಕಾಯಿದೆಯು ತಂದೆಯನ್ನು ಮಗುವಿನಿಂದ ಅಷ್ಟಾಗಿ ಕಾಪಾಡಲು ಒಪ್ಪುವುದಿಲ್ಲವೆಂಬುದು ಇಲ್ಲಿ ಅಂಕೆಗಳಲ್ಲಿಯೇ ಕಾಣುತ್ತದೆ.

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯಿದೆಯು ಇನ್ನೂ ನೇರವಾದ ದಾರಿಯನ್ನು ತೆರೆಯಿತು. ಆ ಕಾಯಿದೆಯಂತೆ ಮಕ್ಕಳಿಗೂ ಸೇರಿಸಿ ಜೀವನಾಂಶದ ಆಜ್ಞೆಯಾಗಿದ್ದು ಹಣ ಬಾರದಿದ್ದರೆ, ಸಂಬಳ ಕೊಡುವ ಮಾಲಿಕನಿಗೇ, ಇಲ್ಲವೆ ತಂದೆಗೆ ಹಣ ಕೊಡಬೇಕಾಗಿರುವ ಬೇರೊಬ್ಬನಿಗೇ, ಅದರ ಒಂದು ಭಾಗವನ್ನು ತಾಯಿಗೆ ಕೊಡೆಂದಾಗಲಿ ಕಚೇರಿಯಲ್ಲಿ ಕಟ್ಟೆಂದಾಗಲಿ ಮ್ಯಾಜಿಸ್ಟ್ರೇಟರು ಅಪ್ಪಣೆ ಮಾಡಬಹುದು. ಹಣವು ತಂದೆಯ ಕೈಗೆ ಬಂದು ಕರಗುವ ಮೊದಲೇ ದಾರಿಯನ್ನು ತಿರುಗಿಸುವ ಉಪಾಯವಿದು.

ದಿವಾಳಿಯೆಂದು ಸಾರಿಸಿಕೊಂಡರೂ ಬಿಡುಗಡೆಯಿಲ್ಲ. 1920ರ ಪ್ರಾಂತೀಯ ದಿವಾಳಿ ಕಾಯಿದೆಯು ಇತರ ಸಾಲಗಳಿಂದ ವಿಮೋಚನೆ ಕೊಡುವಾಗಲೂ 488ನೆಯ ಕಲಮಿನ ಜೀವನಾಂಶದ ಹೊಣೆಯನ್ನು ಹೊರತುಪಡಿಸಿದ್ದಿತು. 2016ರ ದಿವಾಳಿತನ ಸಂಹಿತೆಯೂ ಜೀವನಾಂಶವನ್ನು ವಿಮೋಚನೆಗೆ ಸಿಕ್ಕದ ಸಾಲಗಳ ಗುಂಪಿನಲ್ಲಿಯೇ ಇರಿಸಿದೆ.

ಹಾಗಾದರೆ ಕೊಡಲಾರದವನ ಗತಿಯೇನು? ಕಲಮಿನಲ್ಲಿ 'ಸಾಕಷ್ಟು ಕಾರಣವಿಲ್ಲದೆ' ಎಂಬ ಮಾತಿರುವುದು ಅವನಿಗಾಗಿಯೇ. ದೀರ್ಘವಾದ ಕಾಯಿಲೆ, ಕೆಲಸ ಹೋದುದು, ಬೆಳೆ ನಾಶವಾದುದು ಇವನ್ನು ಸಾಕ್ಷ್ಯದಿಂದ ತೋರಿಸಿದರೆ ನ್ಯಾಯಸ್ಥಾನವು ಕಿವುಡಾಗಿರುವುದಿಲ್ಲ. ದೇಹದಾರ್ಢ್ಯವುಳ್ಳವನು ದುಡಿಯಬಲ್ಲನೆಂದೇ ಅದು ಮೊದಲು ಊಹಿಸುವುದರಿಂದ, ಬರಿಯ ಬಾಯಿಮಾತಿನ ಬಡತನಕ್ಕೆ ಬೆಲೆ ಕಡಿಮೆ. 2020ರಿಂದೀಚೆಗೆ ಎರಡು ಪಕ್ಷದವರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದಲ್ಲಿ ತೆರೆದಿಡಬೇಕಾಗಿದೆ. ಬಡತನದ ಮಾತನ್ನು ಆ ಪತ್ರದೊಡನೆ ತಾಳೆ ನೋಡುತ್ತಾರೆ. ಆದಾಯವು ನಿಜವಾಗಿ ಕುಗ್ಗಿದ್ದರೆ ಹಿಂದಿನ 127ನೆಯ, ಈಗಿನ 146ನೆಯ ಕಲಮಿನಂತೆ ಮೊತ್ತವನ್ನು ಇಳಿಸಬೇಕೆಂದು ಅರ್ಜಿ ಹಾಕಿಕೊಳ್ಳುವುದು ಸರಿಯಾದ ದಾರಿ. ತಾನೇ ನ್ಯಾಯಾಧೀಶನಾಗಿ 6,000ಕ್ಕೆ ಬದಲು 3,000 ಕಳುಹಿಸುತ್ತ ಹೋದವನಿಗೆ, ಆಜ್ಞೆ ಬದಲಾಗುವವರೆಗೆ, ತಿಂಗಳು ತಿಂಗಳೂ 3,000 ಬಾಕಿ ಏರುತ್ತಲೇ ಇರುತ್ತದೆ.

ಕಾರಣವೆನಿಸದ ಕಾರಣಗಳೂ ಕೆಲವುಂಟು. ಹೆಂಡತಿ ತನ್ನೊಡನೆ ಬಂದಿದ್ದರೆ ಸಾಕುತ್ತೇನೆಂದು ಗಂಡನು ಹೇಳಬಹುದಾದ ಮಾತಿಗೆ ಕಲಮಿನಲ್ಲಿ ಎಡೆಯಿದೆ. ಆದರೆ ಅದು ಹೆಂಡತಿಯ ಜೀವನಾಂಶಕ್ಕೆ ಸಂಬಂಧಿಸಿದುದು, ಮಗುವಿನದಕ್ಕಲ್ಲ. ಮಗುವನ್ನು ನೋಡಗೊಡಲಿಲ್ಲವೆಂದು ಹಣ ನಿಲ್ಲಿಸುವುದೂ ಹೀಗೆಯೇ ಸಲ್ಲದು: ನೋಡುವ ಹಕ್ಕಿಗೆ ಬೇರೆ ಅರ್ಜಿಯುಂಟು, ಹಸಿವಿಗೆ ಪ್ರತೀಕಾರದ ಲೆಕ್ಕ ತಿಳಿಯದು. ರಾಜಿಯಾಯಿತೆಂಬ ಮಾತೂ ಅಷ್ಟೆ. ವಿಚ್ಛೇದನದ ರಾಜಿಯಲ್ಲಿ ತಾಯಿ ತನ್ನ ಪಾಲನ್ನು ಬಿಟ್ಟುಕೊಟ್ಟಾಳು. ಮಗುವಿನ ಪಾಲು ಅವಳದಲ್ಲವಾದುದರಿಂದ ಬಿಟ್ಟುಕೊಡುವ ಅಧಿಕಾರವೂ ಅವಳಿಗಿಲ್ಲ. ಮುಸ್ಲಿಂ ವಿಚ್ಛೇದಿತೆಯರ ವಿಷಯವಾಗಿ 1986ರಲ್ಲಿ ಬಂದ ಕಾಯಿದೆಯನ್ನು ಮುಂದೊಡ್ಡಿ ಮಕ್ಕಳ ಜೀವನಾಂಶದಿಂದ ತಪ್ಪಿಸಿಕೊಳ್ಳುವ ಯತ್ನವೂ ನಡೆಯಿತು. ಮಕ್ಕಳ ಹಕ್ಕು ತಾಯಿಯ ಹಕ್ಕಿನ ನೆರಳಲ್ಲ, ಆ ಕಾಯಿದೆಯು ಅದನ್ನು ಮುಟ್ಟಿಲ್ಲ ಎಂದು 1997ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇತ್ಯರ್ಥ ಮಾಡಿತು.

ಊರು ಬಿಟ್ಟು ಹೋಗುವುದು ಬಾಕಿದಾರನ ಕೊನೆಯ ಉಪಾಯ. ಇದಕ್ಕೂ ಸಂಹಿತೆಯು 147ನೆಯ ಕಲಮಿನಲ್ಲಿ ಉತ್ತರವನ್ನಿಟ್ಟಿದೆ. ಆಜ್ಞೆಯ ನಕಲನ್ನು ಪಡೆಯತಕ್ಕವರಿಗೆ ಶುಲ್ಕವಿಲ್ಲದೆ ಕೊಡತಕ್ಕದ್ದು. ಬಾಕಿದಾರನು ಎಲ್ಲಿದ್ದಾನೋ ಆ ಸ್ಥಳದ ಮ್ಯಾಜಿಸ್ಟ್ರೇಟರು, ಅವನೇ ಇವನೆಂಬುದನ್ನೂ ಹಣ ಸಂದಿಲ್ಲವೆಂಬುದನ್ನೂ ಮನಗಂಡು, ಅದನ್ನು ಜಾರಿ ಮಾಡಬಹುದು. ಕಲಬುರಗಿಯಲ್ಲಿ ಆದ ಆಜ್ಞೆಯ ನಕಲನ್ನು ಹಿಡಿದು ತಾಯಿಯು ಪುಣೆಯ ಕಚೇರಿಯಲ್ಲಿ ನಿಲ್ಲಬಹುದು. ಅಲ್ಲಿ ಮೂಲ ವ್ಯಾಜ್ಯವನ್ನು ಮತ್ತೆ ಮೊದಲಿನಿಂದ ನಡೆಸಬೇಕಾಗಿಲ್ಲ. ಕಂತುಗಳ ಲೆಕ್ಕ, ಬಂದ ಹಣದ ರಸೀತಿ, ಬಾಕಿದಾರನ ವಿಳಾಸ ಇವಿಷ್ಟು ಕೈಯಲ್ಲಿದ್ದು, ಹಳೆಯ ಕಂತಿಗೆ ಒಂದು ವರ್ಷ ತುಂಬುವುದರೊಳಗೆ ಅರ್ಜಿಯು ಮೇಜಿನ ಮೇಲೆ ಬಿದ್ದಿರಬೇಕು.